ಆಗುವುದಿಲ್ಲ ಎಂದ ಆಸ್ಪತ್ರೆ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಕನ್ನಡಕ ಹಾಕಿಕೊಂಡವರ ಪಾಡು ಕೇಳಬಾರದು. ಗೂಡು ಬೇಯುವ ಬಾಣಲೆಯಿಂದ ಹಬೆ ಏಳುತ್ತದೆ. ಎದ್ದ ಹಬೆ ನೇರವಾಗಿ ಬಂದು ಕನ್ನಡಕದ ಮೇಲೆ ಕೂರುತ್ತದೆ. ಆಮೇಲೆ ಗೂಡೂ ಕಾಣುವುದಿಲ್ಲ, ಗೂಡಿನ ಎಳೆಯೂ ಕಾಣುವುದಿಲ್ಲ. ಸೆರಗಿನಲ್ಲಿ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಮಂಜು ಕವಿದಿರುತ್ತದೆ.

ನಲ್ಲಪ್ಪನ ಸೊಸೆ ತನುಜ ದಿನವೂ ಪಡುತ್ತಿದ್ದ ಪಾಡು ಇದೇ. ತನುಜ ಕೈವಾರದ ಕಡೆಯ ಹುಡುಗಿ. ಓದುವ ಕಾಲದಿಂದಲೂ ಕನ್ನಡಕ ಹಾಕಿದವಳು. ಸುನೀಲನನ್ನು ಮದುವೆಯಾಗಿ ಬಂದ ಮೇಲೆ ಮಾವನ ಘಟಕದಲ್ಲಿ ನೂಲು ತೆಗೆಯುವುದನ್ನು ಕಲಿತಳು. ಬೆಂದ ಗೂಡಿನ ಮೇಲೆ ಎಳೆಯ ತುದಿ ಹುಡುಕಿ ಹಿಡಿಯುವುದರಲ್ಲಿ ಅವಳ ಬೆರಳು ಬಲು ಚುರುಕು. ಅತ್ತೆ ಆಂಜಿನಮ್ಮನೇ ಅದನ್ನು ನಾಲ್ಕು ಜನರ ಮುಂದೆ ಹೇಳಿದ್ದಳು. ಆಂಜಿನಮ್ಮನ ಬಾಯಲ್ಲಿ ಹೊಗಳಿಕೆ ಬರುವುದು ಸಣ್ಣ ಮಾತಲ್ಲ.

ಆದರೆ ಹಬೆ, ಹೊಗೆ, ಬೆಂದ ಹುಳದ ವಾಸನೆ ಎಲ್ಲ ಸೇರಿ ತನುಜಳ ಕಣ್ಣು ಸದಾ ತುರಿಸುತ್ತಿತ್ತು. ಕನ್ನಡಕ ತೆಗೆದಾಗಲೆಲ್ಲ ಅಂಗೈಯ ಬುಡದಿಂದ ಎರಡೂ ಕಣ್ಣನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದಳು. ವರ್ಷ ವರ್ಷ ಪವರ್ ಏರುತ್ತಿತ್ತು. ಕನ್ನಡಕದ ಅಂಗಡಿಯವನು ಹೊಸ ಗಾಜು ಹಾಕಿಕೊಡುತ್ತಿದ್ದ. ಯಾಕೆ ಏರುತ್ತಿದೆ ಎಂದು ಅವನೂ ಕೇಳಲಿಲ್ಲ, ಇವರೂ ಕೇಳಲಿಲ್ಲ.

ಒಂದು ಬೆಳಗ್ಗೆ ಕನ್ನಡಕ ಮಂಜಾಯಿತೆಂದು ತೆಗೆದಿಟ್ಟು ಬರಿಗಣ್ಣಿನಲ್ಲೇ ಕೈಯಾಡಿಸಲು ಹೋದಳು. ಉಗುರುಬೆಚ್ಚಗಿನ ನೀರಿನ ತೊಟ್ಟಿ ಎಂದುಕೊಂಡು ಕೈಯಿಟ್ಟದ್ದು ಗೂಡು ಕುದಿಯುತ್ತಿದ್ದ ಬಾಣಲೆಗೆ. ನಾಲ್ಕು ಬೆರಳಲ್ಲೂ ಬೊಬ್ಬೆ ಬಂದವು.

ಆಂಜಿನಮ್ಮ ಸೊಸೆಯ ಕೈಯನ್ನು ತಣ್ಣೀರಲ್ಲಿ ಅದ್ದಿ ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು.

"ಹಾಕ್ಕೊಂಡ್ರೆ ಮಂಜು, ತೆಗೆದ್ರೆ ಕತ್ಲೆ. ಈ ಮಗು ಏನ್ ಮಾಡ್ಬೇಕು ಅಂತ ನೀವೇ ಹೇಳಿ."

ನಲ್ಲಪ್ಪನ ಮನಸ್ಸಿನಲ್ಲಿ ಆಗಲೇ ಲೆಕ್ಕಾಚಾರ ಶುರುವಾಗಿತ್ತು. ಊರಿನ ಕೇಬಲ್ ಟೀವಿಯಲ್ಲಿ, ಸಿನಿಮಾದ ಕೆಳಗೆ, ಒಂದು ಸಾಲು ಓಡುತ್ತಿದ್ದುದನ್ನು ಅವನು ನೋಡಿದ್ದ. ಲೇಸರ್ ಚಿಕಿತ್ಸೆ, ಕನ್ನಡಕಕ್ಕೆ ವಿದಾಯ, ಚಿಕ್ಕಬಳ್ಳಾಪುರದ ಕಲ್ಯಾಣ ಮಂಟಪದಲ್ಲಿ ಶಿಬಿರ, ಬೇಗ ಬಂದವರಿಗೆ ಅರ್ಧ ದರ.

ಈ ನಲ್ಲಪ್ಪ ಎಂಥ ಮನುಷ್ಯ ಎಂಬುದನ್ನು ಸ್ವಲ್ಪ ಹೇಳಬೇಕು. ಗೂಡಿನ ಮಾರುಕಟ್ಟೆಯಲ್ಲಿ ಅವನದು ದೊಡ್ಡ ಹೆಸರು. ರೈತರು ಗೂಡು ತಂದು ಸುರಿದರೆ ಸಾಕು, ಬೇರೆಯವರು ಇನ್ನೂ ಯೋಚಿಸುತ್ತಿರುವಾಗಲೇ ನಲ್ಲಪ್ಪ ಹರಾಜಿನಲ್ಲಿ ಬೆಲೆ ಕೂಗಿರುತ್ತಿದ್ದ. ತಡ ಮಾಡಿದರೆ ಆ ಗೂಡಿನ ರಾಶಿ, ಅಂದರೆ ಲಾಟು, ಪಕ್ಕದವನ ಪಾಲು. ಅವನು ಬದುಕಿನಲ್ಲಿ ಕಲಿತದ್ದು ಇದನ್ನೇ. ಮನೆಗೆ ಟೀವಿ ತಂದದ್ದು, ಮಹಡಿ ಕಟ್ಟಿಸಿದ್ದು, ಮಗನಿಗೆ ಹೆಣ್ಣು ಒಪ್ಪಿಕೊಂಡದ್ದು ಎಲ್ಲವೂ ಹರಾಜಿನ ವೇಗದಲ್ಲೇ. ಅವೆಲ್ಲ ಒಳ್ಳೆಯದೇ ಆಗಿದ್ದರಿಂದ ಅವನ ಧೈರ್ಯ ಇನ್ನಷ್ಟು ಹೆಚ್ಚಿತ್ತು.

ಬೆರಳಿನ ಗಾಯ ಮಾಯುವಷ್ಟರಲ್ಲಿ ಸೊಸೆಯನ್ನೂ ಮಗನನ್ನೂ ಕರೆದುಕೊಂಡು ಚಿಕ್ಕಬಳ್ಳಾಪುರದ ಶಿಬಿರಕ್ಕೆ ಹೋದ. ಮಂಟಪದ ತುಂಬ ಜನ. ಟೈ ಕಟ್ಟಿಕೊಂಡ ಹುಡುಗನೊಬ್ಬ ತನುಜಳ ಗದ್ದವನ್ನು ಒಂದು ಯಂತ್ರಕ್ಕೆ ಒತ್ತಿಸಿ ಪವರ್ ನೋಡಿದ. ಅಷ್ಟೇ ಪರೀಕ್ಷೆ.

"ಆಗುತ್ತೆ ಸಾರ್. ಭಾನುವಾರ ಬೆಂಗಳೂರಿಗೆ ಕರ್ಕೊಂಡು ಬನ್ನಿ. ಬೆಳಗ್ಗೆ ಆಪರೇಷನ್, ಸಾಯಂಕಾಲ ಮನೆ. ಅರ್ಧ ದರ ಇವತ್ತು ಹೆಸರು ಬರ್ಸಿದವರಿಗೆ ಮಾತ್ರ."

ಪಕ್ಕದಲ್ಲಿ ಇನ್ನೊಬ್ಬ ಜೇಬಿಗೆ ಕೈ ಹಾಕುತ್ತಿದ್ದ. ಅದನ್ನು ನೋಡಿದ್ದೇ ತಡ, ನಲ್ಲಪ್ಪ ಮುಂಗಡ ಕಟ್ಟಿಬಿಟ್ಟ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನ ಮುಖದಲ್ಲಿ ಒಳ್ಳೆಯ ಲಾಟು ಹೊಡೆದ ದಿನದ ಕಳೆಯಿತ್ತು. ತನುಜಳಿಗೂ ಖುಷಿಯೇ. ಬೆಳಗ್ಗೆ ಎದ್ದ ಕೂಡಲೇ ತಲೆದಿಂಬಿನ ಹತ್ತಿರ ತಡಕಾಡದೆ ಗೋಡೆಯ ಗಡಿಯಾರ ನೋಡಬೇಕು ಎಂಬುದು ಅವಳ ಬಹುದಿನದ ಆಸೆ.

ನಲ್ಲಪ್ಪನ ಮಹಡಿಯ ಮನೆಯಲ್ಲಿ ಕವಿತ ಬಾಡಿಗೆಗಿದ್ದಳು. ಗೌರಿಬಿದನೂರಿನ ಹತ್ತಿರದ ಮಂಚೇನಹಳ್ಳಿಯವಳು. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೆಲಸ. ಬಂದವರ ಕಣ್ಣು ಪರೀಕ್ಷೆ ಮಾಡಿ, ಕನ್ನಡಕಕ್ಕೆ ಪವರ್ ಬರೆದು, ದೊಡ್ಡ ತೊಂದರೆ ಕಂಡರೆ ದೊಡ್ಡ ಆಸ್ಪತ್ರೆಗೆ ಕಳಿಸುವುದು ಅವಳ ಕೆಲಸ. ಅಂದು ಸಂಜೆ ನಲ್ಲಿಯಲ್ಲಿ ನೀರು ಬಂತೇ ಎಂದು ನೋಡಲು ಕೆಳಗಿಳಿದು ಬಂದವಳಿಗೆ ತನುಜ ಸುದ್ದಿ ಹೇಳಿದಳು.

"ಅಕ್ಕ, ಭಾನುವಾರ ನನ್ ಕನ್ನಡಕ ಹೋಗುತ್ತೆ."

ಕವಿತ ಕೊಡ ಕೆಳಗಿಟ್ಟಳು.

"ಎಲ್ಲಿ ಮಾಡಿಸ್ತಿದ್ದೀಯಮ್ಮ? ಯಾವ ಡಾಕ್ಟರು ಮಾಡ್ತಾರೆ?"

ತನುಜ ಗಂಡನ ಮುಖ ನೋಡಿದಳು. ಸುನೀಲ ಅಪ್ಪನ ಮುಖ ನೋಡಿದ. ನಲ್ಲಪ್ಪ ಜಗಲಿಯ ಮೇಲೆ ಕಾಲು ಮಡಿಸಿ ಕೂತು ಕಾಫಿ ಕುಡಿಯುತ್ತಿದ್ದ.

"ಯಾವುದೋ ದೊಡ್ ಡಾಕ್ಟರು ಕಣಮ್ಮ. ಲೇಸರ್ ಮಿಷನ್ನೇ ಎಲ್ಲಾ ಮಾಡುತ್ತಂತೆ. ಡಾಕ್ಟರು ಯಾರಾದ್ರೇನು?"

"ಮಿಷನ್ನು ನಡೆಸೋರು ಬೇಕಲ್ಲ ಅಂಕಲ್. ನಿಮ್ ಚರಕ ಒಂದೇ, ಆದ್ರೆ ತನುಜ ತೆಗೆದ ನೂಲೂ ಸುನೀಲ್ ತೆಗೆದ ನೂಲೂ ಒಂದೇ ಥರ ಇರುತ್ತಾ?"

ಸುನೀಲ ಸುಮ್ಮನೆ ತಲೆ ಕೆರೆದುಕೊಂಡ. ಅವನ ನೂಲು ದಪ್ಪ ದಪ್ಪ ಬರುತ್ತದೆಂದು ಇಡೀ ಬೀದಿಗೆ ಗೊತ್ತಿತ್ತು.

ಕವಿತ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಅಂಕಲ್, ಲೇಸರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ ಆಸ್ಪತ್ರೆ ನರ್ಸ್ ಒಬ್ರು ಮಾಡಿಸ್ಕೊಂಡಿದ್ದಾರೆ, ಚೆನ್ನಾಗಿದ್ದಾರೆ. ಆದ್ರೆ ಅದು ಎಲ್ಲಾ ಕಣ್ಣಿಗೂ ಆಗಲ್ಲ. ಕರಿಗುಡ್ಡೆ ಮೇಲೆ ಗಾಜಿನಂಥ ಒಂದು ಪದರ ಇರುತ್ತೆ. ಲೇಸರ್ ಅಂದ್ರೆ ಆ ಪದರಾನ ಅಷ್ಟು ಕೆತ್ತಿ ಸರಿ ಮಾಡೋದು. ಪದರ ದಪ್ಪ ಇದ್ರೆ ಕೆತ್ಬಹುದು, ತೆಳು ಇದ್ರೆ ಮುಟ್ಟಬಾರ್ದು. ಅದನ್ನ ಅಳೀಬೇಕು. ಪದರ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ನಕ್ಷೆ ತೆಗೀಬೇಕು. ಶಿಬಿರದಲ್ಲಿ ತೆಗೆದ್ರಾ?"

"ಗದ್ದ ಇಟ್ಟು ನೋಡಿದ್ರು."

"ಅದು ಪವರ್ ನೋಡೋ ಮಿಷನ್ನು. ನಮ್ ಆಸ್ಪತ್ರೇಲೂ ಇದೆ. ಪವರ್ ಒಂದು ವರ್ಷದಿಂದ ಏರದೆ ನಿಂತಿದ್ಯಾ ಅಂತ ಕೇಳಿದ್ರಾ? ಕಣ್ಣು ಒಣಗುತ್ತಾ, ತುರಿಸುತ್ತಾ ಅಂತ ಕೇಳಿದ್ರಾ? ಬಸುರಿನಾ ಅಂತಾನಾದ್ರೂ ಕೇಳಿದ್ರಾ?"

ತನುಜ ಇಲ್ಲವೆಂದು ತಲೆಯಾಡಿಸಿದಳು.

ನಲ್ಲಪ್ಪನಿಗೆ ರೇಗಿತು. ತನ್ನ ಮನೆಯಲ್ಲೇ ಬಾಡಿಗೆಗಿರುವ ಹುಡುಗಿ ತನ್ನ ಮಗ ಸೊಸೆಯರ ಮುಂದೆ ತನ್ನನ್ನು ಪ್ರಶ್ನೆ ಕೇಳುವುದೆಂದರೇನು?

"ನೋಡು ಕವಿತಮ್ಮ, ಮೂವತ್ ವರ್ಷದಿಂದ ಮಾರ್ಕೆಟ್ಟಲ್ಲಿದೀನಿ. ಹರಾಜಲ್ಲಿ ನಿಂತು ಯೋಚ್ನೆ ಮಾಡೋನು ಖಾಲಿ ಚೀಲ ತಗೊಂಡು ಮನೆಗೆ ಹೋಗ್ತಾನೆ. ಅರ್ಧ ದರ ನಾಳೆ ಇರಲ್ಲ."

ಅಷ್ಟು ಹೊತ್ತು ಒಲೆಯ ಹತ್ತಿರ ಕೂತಿದ್ದ ಆಂಜಿನಮ್ಮ ಹೊರಗೆ ಬಂದಳು.

"ಏನಂದ್ರೆ, ಒಂದ್ ಮಾತು. ಗೂಡು ತಗೊಳಕ್ಕೆ ಮುಂಚೆ ನೀವೇನ್ ಮಾಡ್ತೀರ? ಮೇಲಿನ ಗೂಡು ನೋಡಿ ಕೂಗ್ತೀರಾ?"

"ಅದ್ಯಾವನು ಕೂಗ್ತಾನೆ? ಮೊಣಕೈವರ್ಗೂ ಕೈ ಹಾಕಿ ಅಡಿಯಿಂದ ಎತ್ತಿ ನೋಡ್ತೀನಿ. ಕಿವಿ ಹತ್ರ ಅಲ್ಲಾಡಿಸ್ತೀನಿ. ಎರಡ್ ಗೂಡು ಕುಯ್ದು ಹುಳ ನೋಡ್ತೀನಿ."

"ಒಂದ್ ಚೀಲ ಗೂಡಿಗೆ ಇಷ್ಟು. ಈ ಮಗು ಕಣ್ಣಿಗೆ ಏನ್ ನೋಡಿದ್ರಿ? ಟೈ ನೋಡಿದ್ರಿ."

ಸುನೀಲನಿಗೆ ನಗು ಬಂತು. ತಡೆದುಕೊಂಡ. ನಲ್ಲಪ್ಪ ಕಾಫಿ ಲೋಟವನ್ನು ಕೆಳಗಿಟ್ಟ. ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ಮತ್ತೆ ಹಾಕಿಕೊಂಡ. ಬೆಲೆ ಕೂಗುವ ವೇಗವೊಂದೇ ಅವನಿಗೆ ನೆನಪಿತ್ತು. ಕೂಗುವ ಮುಂಚೆ ತಾನು ಎಷ್ಟು ನೋಡುತ್ತೇನೆ ಎಂಬುದು ಅಭ್ಯಾಸವಾಗಿ ಮರೆತೇ ಹೋಗಿತ್ತು.

ಕವಿತ ಮೆತ್ತಗೆ ಹೇಳಿದಳು. "ಭಾನುವಾರ ಬೇಡ ಅಂತಾನೂ ನಾನು ಹೇಳಲ್ಲ ಅಂಕಲ್. ಅದಕ್ಕೆ ಮುಂಚೆ ಇನ್ನೊಂದು ಕಣ್ಣಾಸ್ಪತ್ರೆಗೆ ಹೋಗಿ ಬರೀ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಆ ಶಿಬಿರದವರ್ಗೂ ಫೋನ್ ಮಾಡಿ. ಆಪರೇಷನ್ ಮಾಡೋ ಡಾಕ್ಟರ ಹೆಸರೇನು, ಮುಂಚೆ ಅವರನ್ನ ನೋಡಿ ಮಾತಾಡ್ಬಹುದಾ, ಆಮೇಲೆ ತೊಂದರೆ ಆದ್ರೆ ಯಾರ್ ನೋಡ್ತಾರೆ ಅಂತ ಕೇಳಿ. ಕೊನೇದಾಗಿ ಒಂದು. ನಿಮ್ಮತ್ರ ಬಂದವರಲ್ಲಿ ಯಾರಿಗಾದ್ರೂ ಆಗಲ್ಲ ಅಂತ ಹೇಳಿ ವಾಪಸ್ ಕಳಿಸಿದ್ದೀರಾ ಅಂತ ಕೇಳಿ."

"ಅದೆಂಥ ಪ್ರಶ್ನೆ? ವ್ಯಾಪಾರಕ್ಕೆ ಕೂತೋನು ಗಿರಾಕೀನ ವಾಪಸ್ ಕಳಿಸ್ತಾನಾ?"

"ಕೇಳಿ ನೋಡಿ" ಎಂದು ಕವಿತ ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೋದಳು.

ಮಾರನೆಯ ದಿನ ನಲ್ಲಪ್ಪ ಮನೆಯವರೆಲ್ಲರ ಎದುರಿಗೇ ಫೋನ್ ಮಾಡಿದ. ಪಾಪ, ತಾನೇ ಗೆಲ್ಲುತ್ತೇನೆಂದು ನಂಬಿದ್ದ. ಆ ಕಡೆ ಟೈ ಹುಡುಗನದೇ ದನಿ.

"ಡಾಕ್ಟರ ಹೆಸರಾ ಸಾರ್? ನಮ್ಮಲ್ಲಿ ಎಲ್ರೂ ಎಕ್ಸ್‌ಪರ್ಟ್ಸೇ. ಅವತ್ತು ಯಾರು ಬರ್ತಾರೋ ಅವರು ಮಾಡ್ತಾರೆ."

"ಮುಂಚೆ ಬಂದು ಮಾತಾಡ್ಬಹುದಾ?"

"ಅಗತ್ಯಾನೇ ಇಲ್ಲ ಸಾರ್. ನೇರವಾಗಿ ಭಾನುವಾರ ಬನ್ನಿ."

"ಆಮೇಲೆ ಏನಾದ್ರೂ ತೊಂದರೆ ಬಂದ್ರೆ ಯಾರ್ ನೋಡ್ತಾರಪ್ಪ?"

"ಬರೋದೇ ಇಲ್ಲ ಸಾರ್. ಬಂದ್ರೂ ನಿಮ್ಮೂರ್ ಕಡೇನೇ ಯಾರಿಗಾದ್ರೂ ತೋರಿಸ್ಬಹುದು."

"ಸರೇ. ಯಾರಿಗಾದ್ರೂ ಆಗಲ್ಲ ಅಂತ ವಾಪಸ್ ಕಳಿಸಿದ್ದೀರಾ?"

"ನಮ್ಮಲ್ಲಿ ಆ ಮಾತೇ ಇಲ್ಲ ಸಾರ್. ಬಂದವರಿಗೆಲ್ಲ ಮಾಡ್ತೀವಿ. ನೂರಕ್ಕೆ ನೂರು. ಆಫರ್ ಮುಗಿಯೋಕೆ ಬಂತು ಸಾರ್, ಬಾಕೀನೂ ಬೇಗ ಕಟ್ಟಿಬಿಡಿ."

ನಲ್ಲಪ್ಪ ಫೋನ್ ಇಟ್ಟ. "ನೋಡಿದ್ರಾ, ನೂರಕ್ಕೆ ನೂರಂತೆ" ಎಂದ. ಆದರೆ ಗಂಟಲಲ್ಲಿ ಮೊದಲಿನ ಗತ್ತು ಇರಲಿಲ್ಲ. ತಾನು ಕೊಂಡ ಗೂಡಿನಲ್ಲೇ ನೂರಕ್ಕೆ ನೂರು ಒಳ್ಳೆಯದು ಬಂದ ದಿನ ಅವನಿಗೆ ನೆನಪಿರಲಿಲ್ಲ. ಕವಿತಳನ್ನು ಕರೆದು ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯ ವಿಳಾಸ ಕೇಳಿಕೊಂಡ.

ಗುರುವಾರ ನಸುಕಿನ ಬಸ್ಸಿಗೆ ನಲ್ಲಪ್ಪ, ತನುಜ ಹೊರಟರು. ಘಟಕ ನೋಡಿಕೊಳ್ಳಲು ಸುನೀಲ ಮನೆಯಲ್ಲೇ ಉಳಿದ.

ಆ ಆಸ್ಪತ್ರೆ ನಲ್ಲಪ್ಪನ ತಾಳ್ಮೆಯನ್ನು ಪೂರ್ತಿ ಪರೀಕ್ಷೆ ಮಾಡಿತು. ಒಂದು ಕೋಣೆಯಲ್ಲಿ ಪವರ್ ನೋಡಿದರು. ಹಳೆಯ ಕನ್ನಡಕಗಳನ್ನೂ ತರಲು ಕವಿತ ಹೇಳಿದ್ದಳು. ಅವುಗಳನ್ನು ತೆಗೆದುಕೊಂಡು ಯಾವಾಗ ಎಷ್ಟಿತ್ತು ಎಂದು ನೋಡಿದರು. ಇನ್ನೊಂದು ಕೋಣೆಯಲ್ಲಿ ಕಣ್ಣೀರು ಸಾಕಷ್ಟು ಇದೆಯೇ ಎಂದು ಅಳೆದರು. ಮತ್ತೊಂದರಲ್ಲಿ ಗುಡ್ಡೆಯ ಮೇಲಿನ ಪದರದ ದಪ್ಪ, ಅದರ ಏರುತಗ್ಗಿನ ನಕ್ಷೆ. ಆಮೇಲೆ ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಪಾಪೆ ಅಗಲವಾಗಲಿ, ಒಳಗಡೆ ನೋಡಬೇಕು ಎಂದರು. ಕೂತು ಕೂತು ನಲ್ಲಪ್ಪನ ಸೊಂಟ ಹಿಡಿದುಕೊಂಡಿತು.

"ಇಷ್ಟೊತ್ತಿಗೆ ಆ ಶಿಬಿರದವರು ಆಪರೇಷನ್ನೇ ಮುಗ್ಸಿರ್ತಿದ್ರು" ಎಂದು ಗೊಣಗಿದ.

"ಹೂಂ ಮಾವ" ಎಂದಳು ತನುಜ. ಹನಿ ಹಾಕಿದ್ದರಿಂದ ಅವಳಿಗೆ ಮಾವನ ಮುಖ ಮಸುಕಾಗಿತ್ತು. ಕಣ್ಣು ತುರಿಸಿತೆಂದು ಕೈ ಮೇಲೆತ್ತಿದಳು. ಪಕ್ಕದಲ್ಲಿ ಹಾದು ಹೋಗುತ್ತಿದ್ದ ನರ್ಸ್ ನಿಂತು, "ಉಜ್ಜಬೇಡಿ" ಎಂದು ಕೈ ಕೆಳಗಿಳಿಸಿ ಹೋದಳು.

ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರಮ್ಮ ಕರೆದರು. ಐವತ್ತರ ಆಸುಪಾಸಿನ ಹೆಂಗಸು. ತಮ್ಮ ಹೆಸರು ಹೇಳಿ, ಲೇಸರ್ ಮಾಡುವುದಾದರೆ ಮಾಡುವವಳು ನಾನೇ ಎಂದು ಮೊದಲೇ ತಿಳಿಸಿದರು. ಮೇಜಿನ ಮೇಲಿನ ಪರದೆಯಲ್ಲಿ ಎರಡು ಬಣ್ಣದ ಚಿತ್ರಗಳಿದ್ದವು.

"ಇವು ನಿಮ್ಮ ಕಣ್ಣಿನ ನಕ್ಷೆ ಕಣಮ್ಮ. ಹಸಿರು ಇರೋ ಕಡೆ ಸರಿಯಾಗಿದೆ. ಇಲ್ಲಿ ಕೆಳಗೆ ಕೆಂಪಗೆ ಕಾಣ್ತಿದೆಯಲ್ಲ, ಇಲ್ಲಿ ಪದರ ತೆಳುವಾಗಿ ಮುಂದಕ್ಕೆ ಉಬ್ಬೋಕೆ ಶುರುವಾಗಿದೆ. ಎಡಗಣ್ಣಲ್ಲಿ ಸ್ವಲ್ಪ ಜಾಸ್ತಿ. ನೀವು ಕಣ್ಣು ತುಂಬಾ ಉಜ್ಜುತ್ತೀರಾ?"

ತನುಜ ಹೌದೆಂದಳು.

"ಉಜ್ಜಿದಷ್ಟೂ ಈ ಉಬ್ಬು ಜಾಸ್ತಿಯಾಗುತ್ತೆ. ವರ್ಷ ವರ್ಷ ಪವರ್ ಏರ್ತಿರೋದು ಈ ಉಬ್ಬಿನಿಂದಾನೇ. ನಿಮಗೆ ಲೇಸರ್ ಆಗೋದಿಲ್ಲಮ್ಮ. ನಾನು ಮಾಡಲ್ಲ. ಬೇರೆ ಯಾರಾದ್ರೂ ಮಾಡ್ತೀನಿ ಅಂದ್ರೂ ಮಾಡಿಸ್ಕೊಬೇಡಿ."

ಇಷ್ಟು ದೂರ ಬಂದು, ಇಷ್ಟು ಆಸೆ ಇಟ್ಟುಕೊಂಡು ಕೇಳಬೇಕಾದ ಮಾತು ಇದೇ ಆಗಿತ್ತೇ ಎನ್ನಿಸಿ ತನುಜಳ ಕಣ್ಣು ತುಂಬಿಕೊಂಡಿತು. ಸೊಸೆಯ ಕಣ್ಣೀರು ನೋಡಿ ನಲ್ಲಪ್ಪನಿಗೆ ಸಂಕಟವಾಯಿತು. ಹಬೆ, ಕನ್ನಡಕ, ಬೆಂದ ಬೆರಳು ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದ. ಕೊನೆಗೆ ದನಿ ಇಳಿಸಿ ಕೇಳಿದ.

"ಅಮ್ಮ, ಭಾನುವಾರಕ್ಕೆ ಒಂದ್ ಕಡೆ ಮುಂಗಡ ಕಟ್ಟಿದೀನಿ. ಅಲ್ಲಿ ಮಾಡಿಸಿಬಿಟ್ಟಿದ್ರೆ ಏನಾಗ್ತಿತ್ತು?"

"ಮೊದಲು ಚೆನ್ನಾಗೇ ಕಾಣ್ತಿತ್ತು. ನೀವೂ ಊರಲ್ಲೆಲ್ಲ ಹೊಗಳ್ತಿದ್ರಿ. ಆಮೇಲೆ ಕೆತ್ತಿದ ಪದರ ಇನ್ನೂ ತೆಳುವಾಗಿ ಉಬ್ಬುತ್ತಾ ಹೋಗಿರೋದು. ಆಗ ಕನ್ನಡಕ ಹಾಕಿದ್ರೂ ಸರಿಯಾಗಿ ಕಾಣಲ್ಲ. ಕೆಲವರಿಗೆ ಸತ್ತವರು ದಾನ ಕೊಟ್ಟ ಕಣ್ಣಿನ ಪದರ ತಂದು ಹೊಲಿಯೋ ಸ್ಥಿತಿ ಬರುತ್ತೆ. ಈಗ ಕನ್ನಡಕದಲ್ಲಿ ಚೆನ್ನಾಗಿ ಕಾಣ್ತಿದೆಯಲ್ಲ, ಅದನ್ನ ಉಳಿಸ್ಕೊಳೋಣ."

ನಲ್ಲಪ್ಪ ಮೇಜಿನ ಅಂಚು ಹಿಡಿದು ಮುಂದಕ್ಕೆ ಬಾಗಿದ.

"ಹಿಂಗೆ ವಾಪಸ್ ಕಳಿಸೋದು ನಿಮ್ಮಲ್ಲಿ ಯಾವಾಗ್ಲಾದ್ರೂ ಉಂಟಾ ಅಮ್ಮ?"

"ವಾರ ವಾರವೂ ಇದೆ. ಕೆಲವರಿಗೆ ಆಗೋದೇ ಇಲ್ಲ, ಕೆಲವರಿಗೆ ಸ್ವಲ್ಪ ದಿನ ಕಾಯಿರಿ ಅಂತೀವಿ. ಬೈದು ಹೋಗೋರೂ ಇದ್ದಾರೆ."

ಡಾಕ್ಟರಮ್ಮ ತುರಿಕೆ ನಿಲ್ಲುವುದಕ್ಕೆ ಹನಿ ಬರೆದುಕೊಟ್ಟರು. ಏನೇ ಆದರೂ ಕಣ್ಣು ಉಜ್ಜಬಾರದು ಎಂದರು. ಆರು ತಿಂಗಳಿಗೊಮ್ಮೆ ನಕ್ಷೆ ತೆಗೆಸಬೇಕು, ಉಬ್ಬು ಹೆಚ್ಚಾದರೆ ಪದರವನ್ನು ಗಟ್ಟಿ ಮಾಡುವ ಚಿಕಿತ್ಸೆ ಈಗ ಹೊಸದಾಗಿ ಬಂದಿದೆ, ಹೆದರಬೇಡಿ ಎಂದರು. ಹಬೆಯ ಮುಂದೆ ಕೂರುವ ಕೆಲಸವನ್ನು ಬೇರೆಯವರಿಗೆ ಕೊಡಲು ಆಗುತ್ತದೆಯೇ ನೋಡಿ ಎಂದು ನಲ್ಲಪ್ಪನಿಗೆ ಹೇಳಿದರು.

ವಾಪಸ್ ಬರುವ ಬಸ್ಸು ಶಿಡ್ಲಘಟ್ಟದ ದಾರಿಯ ವಿಜಯಪುರ ದಾಟಿದ ಮೇಲೆ ತನುಜಳೇ ಮಾತು ತೆಗೆದಳು.

"ಮಾವ, ಬೇಜಾರಾಯ್ತು ನಿಜ. ಆದ್ರೆ ನಾನೂ ಭಾನುವಾರಕ್ಕೆ ಖುಷಿಯಾಗೇ ಒಪ್ಕೊಂಡಿದ್ದೆ. ಏನೂ ಕೇಳ್ಲಿಲ್ಲ. ಕಣ್ಣು ನನ್ದೇ ಅಲ್ವಾ, ನಾನಾದ್ರೂ ಕೇಳ್ಬೇಕಿತ್ತು."

"ನೀನ್ ಮಗು ಕಣಮ್ಮ. ದೊಡ್ಡೋನು ನಾನು. ನಾನೇ ನಿನ್ನ ಕರ್ಕೊಂಡ್ ಹೋಗಿ ಅಲ್ಲಿ ಕೂರಿಸ್ದೆ." ನಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಏನಾದ್ರೂ ಆಗಿದ್ದಿದ್ರೆ ನಿಮ್ಮಪ್ಪನ ಮುಂದೆ ಯಾವ ಮುಖ ಹೊತ್ಕೊಂಡು ನಿಲ್ತಿದ್ದೆ?"

ಶಿಡ್ಲಘಟ್ಟದಲ್ಲಿ ಇಳಿದವನೇ ನಲ್ಲಪ್ಪ ಬಸ್‌ಸ್ಟ್ಯಾಂಡಿನ ಫೋನ್ ಅಂಗಡಿಯಿಂದಲೇ ಟೈ ಹುಡುಗನಿಗೆ ಕರೆ ಮಾಡಿ, ಬರುವುದಿಲ್ಲ ಎಂದ. ಮುಂಗಡ ವಾಪಸ್ ಇಲ್ಲವೆಂದು ಆ ಹುಡುಗ ಹೇಳಿದ. ಮಾರುಕಟ್ಟೆಯಲ್ಲಿ ಒಂದು ರೂಪಾಯಿಗೆ ಜಗಳ ಕಾಯುವ ಮನುಷ್ಯ, ಹಾಳಾಗಿ ಹೋಗಲಿ ಎಂದು ಫೋನ್ ಇಟ್ಟುಬಿಟ್ಟ. ಆಂಜಿನಮ್ಮನಿಗೆ ಇದನ್ನು ನಂಬಲು ಬಹಳ ಹೊತ್ತು ಹಿಡಿಯಿತು.

ಮನೆಯಲ್ಲಿ ಕೆಲಸದ ಜಾಗ ಬದಲಾಯಿತು. ಬಾಣಲೆಯ ಮುಂದೆ ಈಗ ಸುನೀಲ ಕೂರುತ್ತಾನೆ. ನೂಲು ದಪ್ಪ ಬಂದರೆ ಅಪ್ಪನ ಕೈಲಿ ಬೈಸಿಕೊಳ್ಳುತ್ತಾನೆ, ಕಲಿಯುತ್ತಿದ್ದಾನೆ. ನೂಲನ್ನು ಮತ್ತೆ ಸುತ್ತಿ ಲಡಿ ಕಟ್ಟುವ ಕೋಣೆ ತನುಜಳದು. ಅಲ್ಲಿ ಹಬೆಯಿಲ್ಲ, ಕನ್ನಡಕ ತಿಳಿಯಾಗಿರುತ್ತದೆ. ಬಾಣಲೆಯ ಮೇಲೆ ಹಬೆ ಎಳೆಯುವ ಫ್ಯಾನನ್ನೂ ನಲ್ಲಪ್ಪ ಹಾಕಿಸಿದ. ತನುಜ ಮರೆತು ಕಣ್ಣಿಗೆ ಕೈ ಒಯ್ದರೆ, ಎಲ್ಲಿದ್ದರೂ ಆಂಜಿನಮ್ಮ ಗದರಿಸುತ್ತಾಳೆ. ಹನಿ ಹಾಕಿದ ಮೇಲೆ ತುರಿಕೆಯೂ ಇಳಿಯಿತು. ಮುಂದಿನ ಸಲ ನಕ್ಷೆ ತೆಗೆಸಿದಾಗ ಉಬ್ಬು ಹೆಚ್ಚಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಗೂಡಿನ ಮಾರುಕಟ್ಟೆಯಲ್ಲಿ ಮುನಿವೆಂಕಟಪ್ಪ ಸಿಕ್ಕಿದ. ಅವನೂ ನೂಲು ತೆಗೆಸುವವನೇ, ಚಿಂತಾಮಣಿಯವನು. ಅವನ ಮಗ ಭಾನುಪ್ರಕಾಶನಿಗೆ ಪೊಲೀಸ್ ಕೆಲಸಕ್ಕೆ ಸೇರುವ ಹಂಬಲ. ಓಟ, ಎತ್ತರ ಎಲ್ಲ ಸರಿಯಿದೆ, ಕನ್ನಡಕವೇ ಅಡ್ಡಿ.

"ಏಮಪ್ಪಾ ನಲ್ಲಪ್ಪ, ನಿಮ್ ಸೊಸೇನ ಯಾವ್ದೋ ಕಣ್ಣಾಸ್ಪತ್ರೆಗೆ ಕರ್ಕೊಂಡ್ ಹೋಗಿದ್ಯಂತೆ. ಹೆಂಗೆ ಆ ಆಸ್ಪತ್ರೆ? ನಮ್ ಹುಡುಗ ಶಿಬಿರದಲ್ಲಿ ಅರ್ಧ ದರಕ್ಕೆ ಮಾಡ್ತಾರೆ ಅಂತ ಕುಣೀತಿದಾನೆ."

"ಶಿಬಿರ ಬೇಡ. ನಾನ್ ಹೇಳೋ ಕಡೆ ಹೋಗು."

"ಅಲ್ಲಿ ನಿಮ್ ಸೊಸೆಗೆ ಆಪರೇಷನ್ ಚೆನ್ನಾಗಾಯ್ತಾ?"

"ಆಪರೇಷನ್ನೇ ಮಾಡ್ಲಿಲ್ಲ. ಆಗಲ್ಲ ಅಂತ ವಾಪಸ್ ಕಳಿಸಿದ್ರು. ಅದಕ್ಕೇ ಹೇಳ್ತಿರೋದು, ಧೈರ್ಯವಾಗಿ ಹೋಗು. ನಿನ್ ಮಗನಿಗೆ ಆಗುತ್ತೆ ಅಂತ ಅವರು ಹೇಳಿದ್ರೆ ಆ ಮಾತು ನಂಬಬಹುದು."

ಮುನಿವೆಂಕಟಪ್ಪ ಮಗನನ್ನು ಅಲ್ಲಿಗೇ ಕರೆದುಕೊಂಡು ಹೋದ. ಭಾನುಪ್ರಕಾಶ ಆಗಾಗ ಕಣ್ಣುಗುಡ್ಡೆಯ ಮೇಲೆ ಇಡುವ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದ. ಅದನ್ನು ಬಿಟ್ಟು ಸ್ವಲ್ಪ ದಿನ ಕಳೆದ ಮೇಲೆ ಬಾ, ಆಗಲೇ ಸರಿಯಾದ ಅಳತೆ ಸಿಗುವುದು ಎಂದರು. ಹುಡುಗ ಮುಖ ಊದಿಸಿಕೊಂಡು ಕಾದ. ಮತ್ತೆ ಪರೀಕ್ಷೆ ಮಾಡಿದಾಗ ಅವನ ಕಣ್ಣಿನ ಪದರ ದಪ್ಪವಾಗಿತ್ತು, ಪವರ್ ನಿಂತಿತ್ತು. ಅದೇ ಡಾಕ್ಟರಮ್ಮ ಲೇಸರ್ ಮಾಡಿದರು. ಹೇಳಿದಷ್ಟು ದಿನ ಹನಿ ಹಾಕಿಕೊಂಡ, ಕರೆದಾಗಲೆಲ್ಲ ಹೋಗಿ ತೋರಿಸಿಕೊಂಡ. ಈಗ ಕನ್ನಡಕವಿಲ್ಲದೆ ಬೆಳಗಾಗುವ ಮುಂಚೆ ಎದ್ದು ಓಡುತ್ತಾನೆ.

ಓದುತ್ತಿರುವ ಅಕ್ಕ ಅಣ್ಣಂದಿರೇ, ಕನ್ನಡಕ ಬೇಡ ಎನ್ನುವ ಆಸೆ ತಪ್ಪಲ್ಲ. ನಿಮ್ಮ ಮನೆಯಲ್ಲೂ ಅಂಥ ಮಗಳೋ ಮಗನೋ ಇರಬಹುದು. ಲೇಸರ್ ಮಾಡಿಸುವ ಮುಂಚೆ ದಯವಿಟ್ಟು ಒಂದು ದಿನ ಪರೀಕ್ಷೆಗೆಂದೇ ಹೋಗಿ. ಹಳೆಯ ಕನ್ನಡಕಗಳನ್ನೂ ತೆಗೆದುಕೊಂಡು ಹೋಗಿ. ಕಣ್ಣಿನ ಪದರದ ದಪ್ಪ ಅಳೆಯದೆ, ನಕ್ಷೆ ತೆಗೆಯದೆ ಆಗುತ್ತದೆ ಎನ್ನುವವರ ಹತ್ತಿರ ಕೂರಬೇಡಿ. ಆಪರೇಷನ್ ಮಾಡುವ ಡಾಕ್ಟರನ್ನು ಮುಂಚೆಯೇ ಕಂಡು, ಅವರ ಓದು, ಅನುಭವ ಕೇಳಿ. ಆಮೇಲೆ ತೊಂದರೆಯಾದರೆ ಯಾರು ನೋಡುತ್ತಾರೆ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಇವತ್ತೇ ಕಟ್ಟಿ ಎಂದು ಅವಸರ ಮಾಡಿದರಂತೂ ಎರಡನೆಯ ಆಸ್ಪತ್ರೆಗೆ ಹೋಗದೆ ಒಪ್ಪಬೇಡಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ.

ಪರೀಕ್ಷೆ ಮಾಡಿದವರು ನಿಮಗೆ ಲೇಸರ್ ಆಗುವುದಿಲ್ಲ ಎಂದರೆ ಬೇಸರವಾಗುತ್ತದೆ, ತನುಜಳಿಗೂ ಆಗಿತ್ತು. ಆದರೂ ಅವರ ಮಾತು ಕೇಳಿ ಮನೆಗೆ ಬನ್ನಿ. ಅವಳು ಇವತ್ತಿಗೂ ತನ್ನ ಕಣ್ಣಿನಿಂದಲೇ ಎಳೆ ನೋಡಿ ಲಡಿ ಕಟ್ಟುತ್ತಿದ್ದಾಳೆ.